ಮಗ, ಕುಮಾರ, ಪುತ್ರ, ಸುತ: ‘ದೇವರ ಮಗ’ ಎಂಬ ನುಡಿ ಕನ್ನಡದಲ್ಲಿ ನೆಲೆಗೊಂಡ ಬಗೆ

ಕ್ರೈಸ್ತ ಧರ್ಮದ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ಅದು ‘ಯೇಸು ದೇವರ ಮಗ’ ಎಂಬುದಾಗುತ್ತದೆ. ಆ ವಾಕ್ಯದ ಕೊನೆಯ ಪದವೇ ಎಲ್ಲಕ್ಕಿಂತ ಹೆಚ್ಚು ವಿವಾದಕ್ಕೆ ಗುರಿಯಾದದ್ದು. ಮಗನೆಂದರೆ ಹುಟ್ಟಿದವನು, ಹುಟ್ಟಿಗೆ ತಾಯಿ ಬೇಕು, ಹುಟ್ಟುವ ಮೊದಲು ಇರಲಿಲ್ಲವೆಂದೂ ಆಗುತ್ತದೆ, ಹಾಗಿರುವಾಗ ಆದಿಯಿಲ್ಲದ ದೇವರಿಗೆ ಮಗನಿರುವುದು ಹೇಗೆ ಎಂಬ ಪ್ರಶ್ನೆ ಆ ಧರ್ಮ ಹೋದ ನಾಡುಗಳಲ್ಲೆಲ್ಲ ಎದ್ದಿದೆ. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಬಹುಮಟ್ಟಿಗೆ ಅನುವಾದಕರ ಮೇಲೆ ಬಿದ್ದುದರಿಂದ, ಇಲ್ಲಿ ಈ ನಂಬಿಕೆಯ ಚರಿತ್ರೆ ಕೆಲವು ಪದಗಳ ಚರಿತ್ರೆಯೂ ಆಗಿದೆ.

ಆ ಪದಗಳ ವೈವಿಧ್ಯವನ್ನು ಒಂದೆಡೆ ಕೇಳಲು ದಕ್ಷಿಣ ಬೆಂಗಳೂರು ತಕ್ಕ ಜಾಗ. ಜಯನಗರ 1948ರಲ್ಲಿ ಆರಂಭವಾದ ಬಡಾವಣೆ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಅದಕ್ಕೂ ಈಚಿನವು. ಇಲ್ಲಿನ ಕ್ರೈಸ್ತ ಕುಟುಂಬಗಳಲ್ಲಿ ಹೆಚ್ಚಿನವು ಕನಕಪುರ ಮತ್ತು ಆನೇಕಲ್ ಕಡೆಯ ಹಳ್ಳಿಗಳಿಂದ, ಮಂಗಳೂರಿನಿಂದ, ತಮಿಳುನಾಡು ಮತ್ತು ಕೇರಳಗಳಿಂದ ಬಂದು ನೆಲೆಸಿದವು. ಭಾನುವಾರದ ಪೂಜೆಯ ಆರಂಭದಲ್ಲಿ ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುವಾಗ ಕನ್ನಡ ಕಥೋಲಿಕರು ‘ಪಿತ’, ‘ಸುತ’ ಎನ್ನುತ್ತಾರೆ. ತಮಿಳು ಕಥೋಲಿಕರ ಹಳೆಯ ಜಪಗಳಲ್ಲಿಯೂ ‘ಪಿತಾ’, ‘ಸುತನ್’ ಎಂಬ ಜೋಡಿಯೇ ಬರುತ್ತದೆ. ಕೊಂಕಣಿಯವರು ‘ಬಾಪ್’, ‘ಪುತ್’ ಎಂದರೆ ಮಲಯಾಳಿಗಳು ‘ಪುತ್ರನ್’ ಎನ್ನುತ್ತಾರೆ. ಕನ್ನಡ ಪ್ರೊಟೆಸ್ಟಂಟರ ಆರಾಧನೆಯಲ್ಲಿ ಮಾತ್ರ ‘ತಂದೆ’, ‘ಮಗ’ ಎಂಬ ಮನೆಮಾತಿನ ಪದಗಳಿವೆ. ಒಂದೇ ನಂಬಿಕೆಯನ್ನು ಹೇಳುವ ಈ ಪದಗಳು ಒಂದೇ ಅರ್ಥದವುಗಳಲ್ಲ. ಕನ್ನಡದ ಮಟ್ಟಿಗೆ ಅನುವಾದಕರನ್ನು ಕಾಡಿದ್ದು ಪದಗಳ ಕೊರತೆಯಲ್ಲ, ಅವುಗಳ ಸಮೃದ್ಧಿ. ಒಂದೊಂದು ಪದವೂ ತನ್ನದೇ ಮನೆತನವನ್ನು, ತನ್ನದೇ ಪುರಾಣವನ್ನು ಬೆನ್ನಿಗೆ ಕಟ್ಟಿಕೊಂಡು ಬಂದದ್ದರಿಂದ, ಯಾವುದನ್ನು ಎಲ್ಲಿ ಬಳಸಬೇಕೆಂಬ ಹಂಚಿಕೆಯಲ್ಲಿಯೇ ಕನ್ನಡ ಕ್ರೈಸ್ತರ ದೇವತಾಶಾಸ್ತ್ರ, ಅಂದರೆ ದೇವರ ಸ್ವರೂಪದ ಕುರಿತ ವಿಚಾರ, ರೂಪುಗೊಂಡಿತು.

ನುಡಿಯ ಮೂಲ

‘ದೇವರ ಮಗ’ ಎಂಬ ನುಡಿ ಹುಟ್ಟಿದ್ದು ಹೀಬ್ರೂ ಭಾಷೆಯ ಪರಿಸರದಲ್ಲಿ. ಆ ಭಾಷೆಯ ‘ಬೆನ್’ ಎಂಬ ಪದಕ್ಕೆ ಮಗನೆಂಬುದು ನೇರ ಅರ್ಥವಾದರೂ, ಒಂದು ಗುಂಪಿಗೆ ಸೇರಿದವನು, ಒಂದು ಗುಣವುಳ್ಳವನು ಎಂಬ ಅರ್ಥಗಳೂ ಅದಕ್ಕಿವೆ. ಯೆಹೂದ್ಯರ ಧರ್ಮಗ್ರಂಥದಲ್ಲಿ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಭಾಗದಲ್ಲಿ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಬೇಕಾದ ಇಸ್ರೇಲ್ ಜನಾಂಗವೇ ದೇವರ ಚೊಚ್ಚಲ ಮಗನೆನಿಸಿಕೊಂಡಿದೆ. ದಾವೀದನ ವಂಶದ ಅರಸ ಪಟ್ಟವೇರುವಾಗ ದೇವರು ಅವನನ್ನು ಮಗನೆಂದು ಒಪ್ಪಿಕೊಳ್ಳುತ್ತಾನೆ. ದೇವಸಭೆಯಲ್ಲಿ ನಿಲ್ಲುವ ದಿವ್ಯಜೀವಿಗಳಿಗೂ ಅದೇ ಹೆಸರು ಸಲ್ಲುತ್ತದೆ. ಇವುಗಳಲ್ಲೆಲ್ಲ ಮಗನಾಗುವುದೆಂದರೆ ಆರಿಸಲ್ಪಡುವುದು, ಒಂದು ಹೊಣೆಗೆ ನೇಮಕವಾಗುವುದು ಎಂದೇ ಹೊರತು ದೇಹದ ಹುಟ್ಟಲ್ಲ.

ಇದೇ ಮಾತಿಗೆ ರೋಮನ್ ಜಗತ್ತಿನಲ್ಲಿ ರಾಜಕೀಯದ ಅರ್ಥವೊಂದಿತ್ತು. ಜೂಲಿಯಸ್ ಸೀಸರನನ್ನು ಅವನ ಮರಣಾನಂತರ ದೇವತೆಯೆಂದು ಘೋಷಿಸಿದಾಗ, ಅವನ ಉಯಿಲಿನಂತೆ ದತ್ತುಮಗನಾಗಿದ್ದ ಆಕ್ಟೇವಿಯನ್, ಮುಂದೆ ಅಗಸ್ಟಸ್ ಚಕ್ರವರ್ತಿಯಾದವನು, ತನ್ನ ನಾಣ್ಯಗಳ ಮೇಲೆ ತಾನು ದೇವರಾದವನ ಮಗನೆಂದು ಬರೆಸಿಕೊಂಡ. ಭಾರತದ ಕುಷಾಣ ಅರಸರೂ ‘ದೇವಪುತ್ರ’ ಎಂಬ ಬಿರುದು ಧರಿಸಿದ್ದರು. ಅವರಿಗೂ ಹಿಂದಿನ ಅಶೋಕ ಈ ವಿಷಯದಲ್ಲಿ ಮಿತಭಾಷಿ: ಕರ್ನಾಟಕದ ಮಸ್ಕಿ, ಬ್ರಹ್ಮಗಿರಿ ಮೊದಲಾದ ಕಡೆಗಳ ಶಾಸನಗಳಲ್ಲಿ ಅವನು ತನ್ನನ್ನು ‘ದೇವಾನಾಂಪ್ರಿಯ’, ಅಂದರೆ ದೇವತೆಗಳಿಗೆ ಪ್ರಿಯನಾದವನು, ಎಂದಷ್ಟೇ ಕರೆದುಕೊಂಡಿದ್ದಾನೆ. ಜಯನಗರದ ಹೆಬ್ಬಾಗಿಲಿನಂತಿರುವ ಅಶೋಕ ಸ್ತಂಭ ಸ್ಮರಿಸುವುದು, ದೇವರೊಡನೆ ನಂಟು ಹೇಳಿಕೊಂಡರೂ ಮಗನ ಪದವಿಯನ್ನು ಕೇಳದ ಈ ದೊರೆಯನ್ನೇ.

ಯೇಸುವಿನ ಶಿಷ್ಯರು ಅದೇ ನುಡಿಯನ್ನು ಶಿಲುಬೆಗೇರಿ ಸತ್ತ ಒಬ್ಬ ಬಡಗಿಗೆ ಸಲ್ಲಿಸಿದಾಗ, ಹೀಬ್ರೂ ಪರಂಪರೆಯ ಅರ್ಥವೂ ರೋಮಿನ ಅರ್ಥವೂ ಬುಡಮೇಲಾದವು. ಮಾರ್ಕನ ಸುವಾರ್ತೆಯಲ್ಲಿ ಯೇಸುವನ್ನು ದೇವರ ಮಗನೆಂದು ಮೊದಲು ಒಪ್ಪುವ ಮನುಷ್ಯ ಒಬ್ಬ ರೋಮನ್ ಸೇನಾಧಿಕಾರಿ. ಅವನು ಹಾಗೆ ಒಪ್ಪುವುದು ಯಾವುದೋ ಪವಾಡವನ್ನು ಕಂಡಲ್ಲ, ಯೇಸು ಪ್ರಾಣ ಬಿಟ್ಟ ರೀತಿಯನ್ನು ಕಂಡು. ಯೋಹಾನನ ಸುವಾರ್ತೆ ಇನ್ನೂ ಹಿಂದಕ್ಕೆ ಹೋಗಿ, ಸೃಷ್ಟಿಗೂ ಮೊದಲೇ ದೇವರೊಡನಿದ್ದ ವಾಕ್ಕು ಮನುಷ್ಯನಾಗಿ ಬಂದಿತೆಂದೂ ಆ ವಾಕ್ಕೇ ಮಗನೆಂದೂ ಹೇಳುತ್ತದೆ.

ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಗ್ಸಾಂಡ್ರಿಯದ ಏರಿಯಸ್ ಎಂಬ ಗುರು, ಮಗನೆಂದ ಮೇಲೆ ಅವನು ಇಲ್ಲದಿದ್ದ ಕಾಲವೊಂದು ಇರಲೇಬೇಕು, ಆದ್ದರಿಂದ ಯೇಸು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ವಾದಿಸಿದ. ಇದನ್ನು ವಿಚಾರಿಸಲು 325ರಲ್ಲಿ ನೈಸೀಯ ಎಂಬ ಊರಿನಲ್ಲಿ ಸೇರಿದ ಬಿಷಪರ ಮಹಾಸಭೆ, ಮಗನು ತಂದೆಯಿಂದ ಜನಿಸಿದವನೇ ಹೊರತು ಮಾಡಲ್ಪಟ್ಟವನಲ್ಲವೆಂದೂ, ತಂದೆ ಮತ್ತು ಮಗ ಒಂದೇ ಸತ್ತ್ವದವರೆಂದೂ ನಿರ್ಣಯಿಸಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ದೃಢಪಡಿಸಿತು. 451ರ ಕಾಲ್ಸೆಡನ್ ಸಭೆ, ಈ ಮಗನು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿದ್ದಾನೆಂದು ಹೇಳಿತು. ಕುಂಬಾರ ಮಾಡಿದ ಮಡಕೆ ಕುಂಬಾರನ ಜಾತಿಯದಲ್ಲ, ಕುಂಬಾರನಿಗೆ ಹುಟ್ಟಿದ ಮಗ ಮಾತ್ರ ಅವನಂತೆಯೇ ಮನುಷ್ಯ. ನೈಸೀಯದ ನಿರ್ಣಯದ ತರ್ಕ ಇಷ್ಟೇ. ಆದರೆ ದೇವರಲ್ಲಿ ಈ ಜನನ ಒಂದು ದಿನ ನಡೆದ ಘಟನೆಯಲ್ಲ, ದೀಪವಿರುವಾಗಲೆಲ್ಲ ಬೆಳಕೂ ಇರುವಂತೆ ಅನಾದಿಯಾದ ಸಂಬಂಧ ಎಂಬುದು ಆ ತರ್ಕಕ್ಕೆ ಸೇರಿದ ಎರಡನೆಯ ಅಂಗ. ಹೀಗೆ ‘ಮಗ’ ಎಂಬ ಪದದಿಂದ ಸಮಾನತೆಯನ್ನೂ ಸಂಬಂಧವನ್ನೂ ಉಳಿಸಿಕೊಂಡು, ತಾಯಿ, ದಾಂಪತ್ಯ, ಕಾಲ, ವಯಸ್ಸುಗಳನ್ನು ಕಳಚಿಹಾಕಬೇಕಾಯಿತು. ಗ್ರೀಕ್ ಭಾಷೆಯಲ್ಲಿಯೇ ಮೂರು ಶತಮಾನ ಹಿಡಿದ ಈ ಕೆಲಸವನ್ನು ಕನ್ನಡದಲ್ಲಿ ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಗಿತ್ತು.

ಕನ್ನಡದಲ್ಲಿ ಮೊದಲೇ ಇದ್ದ ಮಕ್ಕಳು

‘ಮಗ’ ಎಂಬುದು ಅಚ್ಚ ದ್ರಾವಿಡ ಪದ; ಬೆಂಗಳೂರಿನ ಹೆಸರಿನಷ್ಟೇ ಹಳೆಯ ದಾಖಲೆ ಅದಕ್ಕೆ ಈ ನೆಲದಲ್ಲಿಯೇ ಸಿಗುತ್ತದೆ. ಬಿ.ಟಿ.ಎಂ. ಬಡಾವಣೆಯ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು 890ರ ಕಾಲದ ಶಾಸನ, ಬೆಂಗುಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಶೆಟ್ಟಿ ಸತ್ತನೆಂಬುದನ್ನು ದಾಖಲಿಸುತ್ತದೆ. ಈ ಊರಿನ ಹೆಸರು ಕಾಣಿಸುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದಾದ ಅದರಲ್ಲಿ ಆ ಹೆಸರಿನ ಜೊತೆಗೇ ತಂದೆಯ ಪರವಾಗಿ ಪ್ರಾಣ ಕೊಟ್ಟ ಮಗನೊಬ್ಬನಿದ್ದಾನೆ. ವೀರಗಲ್ಲುಗಳ ಕನ್ನಡದಲ್ಲಿ ಮಗನೆಂದರೆ ವಂಶ, ನಿಷ್ಠೆ, ಋಣ ಮೂರೂ ಕೂಡಿದ ಪದ.

ಹನ್ನೆರಡನೆಯ ಶತಮಾನದ ಶರಣರು ಈ ಪದವನ್ನು ರಕ್ತಸಂಬಂಧದಿಂದ ಬಿಡಿಸಿದರು. ಬಸವಣ್ಣನವರು ಒಂದು ವಚನದಲ್ಲಿ ತಮ್ಮನ್ನು ಕೂಡಲಸಂಗಮದೇವನ ಮನೆಯ ಮಗನೆಂದು ಎಣಿಸಬೇಕೆಂದು ಬೇಡಿಕೊಳ್ಳುತ್ತಾರೆ. ಬೇರೆ ವಚನಗಳಲ್ಲಿ ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ ಕರೆದು, ಹುಟ್ಟಿನ ಕುಲವನ್ನು ತೊರೆದು ಭಕ್ತಿಯ ಕುಲಕ್ಕೆ ಮಗನಾಗುತ್ತಾರೆ. ಭಕ್ತ ದೇವರ ಮಗನಾಗಬಹುದೆಂಬ ಭಾವ ಕನ್ನಡಿಗರಿಗೆ ಹೀಗೆ ಹೊಸದಾಗಿರಲಿಲ್ಲ.

ಹೊಸದಾಗಿ ವಿವರಿಸಬೇಕಾಗಿದ್ದದ್ದು ಇನ್ನೊಂದು. ಪುರಾಣಗಳನ್ನು ಕೇಳಿ ಬೆಳೆದ ಕನ್ನಡಿಗನಿಗೆ ದೇವರ ಮಕ್ಕಳು ಹಲವರು ಪರಿಚಿತರು: ಗಣಪತಿ ಗೌರಿಯ ಮಗ, ಷಣ್ಮುಖ ಶಿವನ ಮಗ, ಆಂಜನೇಯ ವಾಯುಪುತ್ರ, ಕರ್ಣ ಸೂರ್ಯಪುತ್ರ. ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲಿಯೇ ಇವರಲ್ಲಿ ಇಬ್ಬರು ಇದ್ದಾರೆ. ಜಯನಗರದ ರಾಗಿಗುಡ್ಡದಲ್ಲಿ ಪೂಜೆಗೊಳ್ಳುವವನು ವಾಯುಪುತ್ರ, ಬನಶಂಕರಿಯ ಪಕ್ಕದ ಬಡಾವಣೆ ಹೊತ್ತಿರುವುದು ಕುಮಾರಸ್ವಾಮಿಯ ಹೆಸರನ್ನು. ಇವರೆಲ್ಲರ ಹುಟ್ಟಿಗೆ ಒಂದೊಂದು ಕಥೆಯುಂಟು, ಆ ಕಥೆಯಲ್ಲಿ ತಂದೆತಾಯಿಗಳೋ ವರವೋ ಮಂತ್ರವೋ ಉಂಟು. ಆದ್ದರಿಂದ ಯೇಸು ದೇವರ ಮಗನೆಂದು ಮಿಷನರಿಯೊಬ್ಬ ಸಂತೆಯಲ್ಲಿ ನಿಂತು ಸಾರಿದರೆ, ಕೇಳುಗ ಅದನ್ನು ಅಲ್ಲಗಳೆಯುತ್ತಿದ್ದುದಕ್ಕಿಂತ, ಸುಲಭವಾಗಿ ಒಪ್ಪಿ ಆ ಸಾಲಿಗೆ ಇನ್ನೊಬ್ಬನನ್ನು ಸೇರಿಸಿಕೊಳ್ಳುವ ಸಂಭವವೇ ಹೆಚ್ಚಾಗಿತ್ತು. ‘ಒಬ್ಬನೇ ಮಗ’ ಎಂಬಲ್ಲಿನ ‘ಒಬ್ಬನೇ’ ಎಂಬುದು ಇಲ್ಲಿ ‘ಮಗ’ ಎಂಬುದಕ್ಕಿಂತ ಭಾರವಾದ ಪದವಾಯಿತು.

ಪದಗಳ ಒಳಗೂ ತೊಡಕುಗಳಿದ್ದವು. ‘ಪುತ್ರ’ ಎಂಬ ಸಂಸ್ಕೃತ ಪದಕ್ಕೆ ಮನುಸ್ಮೃತಿ ಕೊಡುವ ಸಾಂಪ್ರದಾಯಿಕ ನಿರ್ವಚನದ ಪ್ರಕಾರ, ‘ಪುತ್’ ಎಂಬ ನರಕದಿಂದ ತಂದೆಯನ್ನು ಪಾರುಮಾಡುವವನೇ ಪುತ್ರ. ಆದರೆ ಕ್ರೈಸ್ತರ ನಂಬಿಕೆಯಲ್ಲಿ ತಂದೆಗೆ ಪಾರಾಗಬೇಕಾದ ಅಗತ್ಯವಿಲ್ಲ, ಮಗನು ಪಾರುಮಾಡುವುದು ಲೋಕವನ್ನು. ‘ಕುಮಾರ’ ಎಂಬುದು ಬಾಲಕ, ತರುಣ, ಅರಸುಮಗ ಎಂಬ ಅರ್ಥಗಳ ಜೊತೆಗೆ ಷಣ್ಮುಖನ ಅಂಕಿತನಾಮವೂ ಹೌದು. ‘ತನಯ’ ಎಂಬುದು ವಂಶವನ್ನು ಮುಂದುವರಿಸುವವನೆಂಬ ಅರ್ಥದ್ದು. ‘ಸುತ’ ಎಂಬುದರ ಧಾತ್ವರ್ಥ ಜನಿತ, ಅಂದರೆ ಹುಟ್ಟಿ ಬಂದವನು. ನೈಸೀಯದವರು ಒತ್ತಿ ಹೇಳಿದ ‘ಜನಿಸಿದವನು, ಮಾಡಲ್ಪಟ್ಟವನಲ್ಲ’ ಎಂಬುದಕ್ಕೆ ಅಕ್ಷರಶಃ ಹತ್ತಿರವಾದ ಪದ ಇದೇ.

ಕಥೋಲಿಕರ ದಾರಿ

ಕನ್ನಡದಲ್ಲಿ ಕ್ರೈಸ್ತ ಬರವಣಿಗೆಯ ಆರಂಭ ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಮೈಸೂರು ಮಿಷನ್ನಿನೊಂದಿಗೆ ಹೆಣೆದುಕೊಂಡಿದೆ. ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಪಾದ್ರಿ 17ನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ನೆಲೆನಿಂತು, ಕನ್ನಡ ಕಲಿತು, ಧರ್ಮೋಪದೇಶದ ಪ್ರಶ್ನೋತ್ತರ ಪುಸ್ತಕವನ್ನೂ ವ್ಯಾಕರಣವನ್ನೂ ಶಬ್ದಸಂಗ್ರಹವನ್ನೂ ರಚಿಸಿದರು. ಅದಕ್ಕೂ ಮೊದಲೇ ಮದುರೆಯಲ್ಲಿ ರಾಬರ್ಟೊ ದೆ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟು ಸಂಸ್ಕೃತದ ಪಾರಿಭಾಷಿಕ ಪದಗಳಲ್ಲಿ ಕ್ರೈಸ್ತ ತತ್ತ್ವವನ್ನು ಹೇಳುವ ಕ್ರಮವನ್ನು ರೂಢಿಸಿದ್ದರು. ದೇವರನ್ನು ‘ಸರ್ವೇಶ್ವರ’ ಎನ್ನುವುದು, ಯೇಸುವಿನ ಹೆಸರಿಗೆ ‘ಸ್ವಾಮಿ’ ಸೇರಿಸುವುದು, ಪಿತ ಮತ್ತು ಸುತ ಎಂಬ ಜೋಡಿ, ಇವೆಲ್ಲ ತಮಿಳು ಮತ್ತು ಕನ್ನಡ ಕಥೋಲಿಕರ ಹಳೆಯ ಬಳಕೆಗೆ ಸಮಾನವಾಗಿರುವುದು ಈ ಎರಡು ಸೀಮೆಗಳ ಹಳೆಯ ನಂಟನ್ನು ಸೂಚಿಸುತ್ತದೆ. ಪೂಜೆಯ ಮಾತು ಆಡುಮಾತಿಗಿಂತ ಒಂದು ಮೆಟ್ಟಿಲು ಮೇಲಿರಬೇಕೆಂಬುದು ಈ ಪರಂಪರೆಯ ನಿಲುವು. ಹೊಲದಲ್ಲಿ ದುಡಿಯುವ ರೈತ ತನ್ನ ಮಗನನ್ನು ಎಂದೂ ಸುತನೆಂದು ಕರೆಯುವುದಿಲ್ಲವಾದ್ದರಿಂದ, ಆ ಪದ ಅವನ ಕಿವಿಗೆ ದೇವರೊಬ್ಬನಿಗೇ ಮೀಸಲಾಗಿ ಕೇಳಿಸಿತು.

1773ರಲ್ಲಿ ಜೆಸ್ವಿಟ್ ಸಂಘವನ್ನು ಪೋಪರು ವಿಸರ್ಜಿಸಿದ ಮೇಲೆ ಮೈಸೂರು ಸೀಮೆಯ ಹೊಣೆ ಪ್ಯಾರಿಸ್ಸಿನ ವಿದೇಶೀ ಮಿಷನ್ನಿನ ಪಾದ್ರಿಗಳ ಕೈಗೆ ಬಂತು. 19ನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಅವರು ಅಚ್ಚು ಹಾಕಿಸಿದ ಪುಸ್ತಕಗಳಲ್ಲಿ 1855ರ ಕನ್ನಡ-ಲ್ಯಾಟಿನ್ ನಿಘಂಟೂ, ಬಿಷಪ್ ಶಾರ್ಬೊನೊ ಅವರ 1861ರ ಲ್ಯಾಟಿನ್-ಕನ್ನಡ ನಿಘಂಟೂ ಸೇರಿವೆ. ಪೂಜೆ ಲ್ಯಾಟಿನ್ನಿನಲ್ಲಿಯೇ ನಡೆಯುತ್ತಿದ್ದ ಕಾಲದಲ್ಲಿ ಜನ ಕನ್ನಡದಲ್ಲಿ ಹೇಳುತ್ತಿದ್ದದ್ದು ಜಪಗಳನ್ನು ಮತ್ತು ಉಪದೇಶದ ಪ್ರಶ್ನೋತ್ತರಗಳನ್ನು. ಬೈಬಲ್ ಓದುವುದಕ್ಕಿಂತ ಬಾಯಿಪಾಠಕ್ಕೇ ಪ್ರಾಧಾನ್ಯವಿದ್ದುದರಿಂದ, ಒಮ್ಮೆ ನೆಲೆಯೂರಿದ ಪದ ತಲೆಮಾರುಗಳ ಕಾಲ ಅಲುಗಲಿಲ್ಲ.

ಬಳ್ಳಾರಿಯಿಂದ ಬಂದ ಬೈಬಲ್

ಪ್ರೊಟೆಸ್ಟಂಟರಿಗೆ ಬೈಬಲ್ಲನ್ನು ಜನರ ಕೈಗಿಡುವುದೇ ಮೊದಲ ಕೆಲಸವಾಗಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ತೊಡಗಿದರು. ನಿಘಂಟುಕಾರ ವಿಲಿಯಂ ರೀವ್ ಅಲ್ಲಿ ಅವರ ಸಹೋದ್ಯೋಗಿಯಾಗಿದ್ದರು. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ್ದ ಸೆರಾಂಪುರದ ವಿಲಿಯಂ ಕೇರಿ ದೂರದ ಬಂಗಾಳದಲ್ಲಿ ಕುಳಿತೇ ಹೊಸ ಒಡಂಬಡಿಕೆಯ ಕನ್ನಡ ರೂಪವೊಂದನ್ನು ಹೊರತಂದರು. 1830ರ ದಶಕದ ಆರಂಭಕ್ಕೆ ಬಳ್ಳಾರಿಯ ಅನುವಾದ ಪೂರ್ಣಗೊಂಡಿತು. ಅದರ ಕನ್ನಡ ತೊಡಕಿನದೆಂಬ ದೂರು ಬಂದುದರಿಂದ, ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ, ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರು ಸೇರಿ ಅದನ್ನು ಪರಿಷ್ಕರಿಸಿದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಹೊತ್ತಿರುವುದು ಈ ಬೆಂಜಮಿನ್ ರೈಸರ ಹೆಸರನ್ನು. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳ ಮೂಲಕ ನಾಡಿನ ಶಾಸನಗಳನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಅವರ ಮಗ. ಮುಂದೆ 20ನೆಯ ಶತಮಾನದಲ್ಲಿ ಮತ್ತೆ ತಿದ್ದುಪಡಿಗೊಂಡು ‘ಸತ್ಯವೇದ’ವೆಂಬ ಹೆಸರಿನಲ್ಲಿ ಮನೆಮಾತಾದ ಗ್ರಂಥ ಈ ಪರಂಪರೆಯದು.

ಈ ‘ಸತ್ಯವೇದ’ದಲ್ಲಿ ಮಗನೆಂಬ ಅರ್ಥದ ಪದಗಳ ಹಂಚಿಕೆಯನ್ನು ಗಮನಿಸಿದರೆ ಅನುವಾದಕರ ಎಚ್ಚರ ತಿಳಿಯುತ್ತದೆ. ಮಾರ್ಕನ ಸುವಾರ್ತೆಯ ಮೊದಲ ವಾಕ್ಯದಲ್ಲಿ ಯೇಸು ‘ದೇವಕುಮಾರ’. ಅವನು ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು ‘ಮನುಷ್ಯಕುಮಾರ’. ಆದಿಕಾಂಡದಲ್ಲಿ ಭೂಮಿಯ ಹೆಣ್ಣುಗಳನ್ನು ಕಂಡು ಮೋಹಿಸುವ ದಿವ್ಯಜೀವಿಗಳು ‘ದೇವಪುತ್ರರು’. ತಂದೆ ಮಗನನ್ನು ಲೋಕಕ್ಕೆ ಕೊಟ್ಟನೆಂದು ಹೇಳುವ ಕಡೆ ‘ಒಬ್ಬನೇ ಮಗ’. ಬಿರುದಿಗೆ ಕುಮಾರ, ಬಹುವಚನದ ದಿವ್ಯಗಣಕ್ಕೆ ಪುತ್ರ, ಪ್ರೀತಿಯ ಮಾತಿಗೆ ಮಗ. ಹೀಗೆ ಒಂದೇ ಅರ್ಥವನ್ನು ಮೂರು ಪದಗಳಿಗೆ ಹಂಚಿ, ಯೇಸುವಿನ ಬಿರುದು ಬೇರೆ ಯಾರ ಬಿರುದಿನೊಡನೆಯೂ ಬೆರೆಯದಂತೆ ನೋಡಿಕೊಳ್ಳಲಾಯಿತು. ಹಳೆಯ ಅರಸರ ಪಟ್ಟಾಭಿಷೇಕದ ಕೀರ್ತನೆಯಲ್ಲಿ ದೇವರು ಅರಸನನ್ನು ಮಗನನ್ನಾಗಿಸಿಕೊಂಡ ಮಾತಿಗೆ ‘ಪಡೆ’ ಎಂಬ ಕ್ರಿಯಾಪದ ದೊರೆತದ್ದು ಕನ್ನಡದ ಭಾಗ್ಯವೆನ್ನಬೇಕು. ಉತ್ತರ ಕರ್ನಾಟಕದ ‘ಹಡೆದವ್ವ’ನ ಹಿಂದಿರುವ ಇದೇ ಧಾತು ಹೆರುವುದನ್ನೂ ಹೇಳುತ್ತದೆ, ಹೊಂದುವುದನ್ನೂ ಹೇಳುತ್ತದೆ, ಹಾಗಾಗಿ ಹುಟ್ಟಿಸಿದನೋ ಸ್ವೀಕರಿಸಿದನೋ ಎಂಬುದನ್ನು ಬಿಡಿಸಿ ಹೇಳದೆಯೇ ಎರಡಕ್ಕೂ ಎಡೆಮಾಡಿಕೊಡುತ್ತದೆ.

ಇನ್ನೊಂದು ಸೂಕ್ಷ್ಮ ಸರ್ವನಾಮಗಳಲ್ಲಿದೆ. ಗ್ರೀಕಿನಲ್ಲಿ ಮೀನುಗಾರನಿಗೂ ಯೇಸುವಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಅನುವಾದಕ ಆಯ್ಕೆ ಮಾಡಲೇಬೇಕು. ‘ಸತ್ಯವೇದ’ದಲ್ಲಿ ಪೇತ್ರನೂ ಯೂದನೂ ‘ಅವನು’, ಯೇಸು ‘ಆತನು’; ಏಕವಚನವನ್ನು ಬಿಡದೆಯೇ ಗೌರವದ ಒಂದು ಗೆರೆಯನ್ನು ಎಳೆದದ್ದರಿಂದ, ಮಗನು ಮನುಷ್ಯರ ನಡುವೆ ಮನುಷ್ಯನಾಗಿಯೇ ನಡೆದಾಡಿದರೂ ಓದುಗನಿಗೆ ಬೇರೆಯಾಗಿ ಕಾಣುತ್ತಾನೆ. 20ನೆಯ ಶತಮಾನದ ಕೊನೆಯಲ್ಲಿ ಕಥೋಲಿಕರ ಬಳಕೆಗೆ ಬಂದ ಹೊಸಗನ್ನಡದ ಅನುವಾದ ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿತು. ಅಲ್ಲಿ ಯೇಸು ಮಾತಾಡಿದರು, ನಡೆದರು, ಅತ್ತರು ಎಂದು ಬಹುವಚನವಿದೆ. ‘ಸುವಾರ್ತೆ’ಗೆ ಬದಲು ‘ಶುಭಸಂದೇಶ’, ‘ದೇವಕುಮಾರ’ನಿಗೆ ಬದಲು ‘ದೇವರ ಪುತ್ರ’, ‘ಮನುಷ್ಯಕುಮಾರ’ನಿಗೆ ಬದಲು ‘ನರಪುತ್ರ’, ಯೋಹಾನನ ‘ವಾಕ್ಯ’ಕ್ಕೆ ಬದಲು ‘ದಿವ್ಯವಾಣಿ’ ಬಂದಿವೆ. ಹಳೆಯದರಲ್ಲಿ ಆಪ್ತತೆ ಮುಂದು, ಹೊಸದರಲ್ಲಿ ಗೌರವ ಮುಂದು. ಪೂರ್ಣ ಮನುಷ್ಯ, ಪೂರ್ಣ ದೇವರು ಎಂಬ ಕಾಲ್ಸೆಡನ್ನಿನ ಎರಡು ಮಾತುಗಳಲ್ಲಿ ಒಂದೊಂದು ಅನುವಾದ ಒಂದೊಂದಕ್ಕೆ ಹೆಚ್ಚು ಒಲಿದಿದೆ ಎನ್ನಬಹುದು.

ಆಕ್ಷೇಪಗಳು

ಈ ನುಡಿಗೆ ಎದುರಾದ ಆಕ್ಷೇಪಗಳು ಎರಡು ದಿಕ್ಕಿನಿಂದ ಬಂದವು. ದೇವರು ಯಾರನ್ನೂ ಹೆತ್ತವನಲ್ಲ, ಯಾರಿಗೂ ಹುಟ್ಟಿದವನಲ್ಲ ಎಂಬುದು ಕುರ್‌ಆನಿನ 112ನೆಯ ಅಧ್ಯಾಯದ ಸಾರ. ಮುಸ್ಲಿಮರು ಯೇಸುವನ್ನು ಈಸಾ ಎಂಬ ಪ್ರವಾದಿಯೆಂದೂ ಮರ್ಯಮಳ ಮಗನೆಂದೂ ಗೌರವಿಸುತ್ತಾರಾದರೂ ದೇವರ ಮಗನೆಂಬುದನ್ನು ಒಪ್ಪುವುದಿಲ್ಲ. ದೇಹಸಂಬಂಧದ ಹುಟ್ಟನ್ನು ಅಲ್ಲಗಳೆಯುವಷ್ಟರ ಮಟ್ಟಿಗೆ ಕ್ರೈಸ್ತರ ಉತ್ತರವೂ ಅದೇ ಆಗಿದ್ದು, ಅನಾದಿ ಸಂಬಂಧದ ವಿಷಯದಲ್ಲಿ ಮಾತ್ರ ಇಬ್ಬರ ದಾರಿ ಬೇರೆಯಾಗುತ್ತದೆ. ಇನ್ನೊಂದು ಆಕ್ಷೇಪ ಸುಧಾರಣಾವಾದಿ ಹಿಂದೂಗಳದು. 1820ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ನೀತಿಬೋಧೆಗಳನ್ನಷ್ಟೇ ಆಯ್ದು ಪ್ರಕಟಿಸಿ, ಅವನ ದೈವತ್ವದ ತತ್ತ್ವವನ್ನು ಬದಿಗಿಟ್ಟಾಗ, ಸೆರಾಂಪುರದ ಜೋಶುವಾ ಮಾರ್ಷ್‌ಮನ್ನರೊಡನೆ ದೀರ್ಘ ವಾಗ್ವಾದ ನಡೆಯಿತು. ಶತಮಾನದ ಕೊನೆಗೆ ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ಸತ್, ಚಿತ್, ಆನಂದ ಎಂಬ ವೇದಾಂತದ ಪದತ್ರಯವನ್ನು ತಂದೆ, ಮಗ, ಪವಿತ್ರಾತ್ಮರಿಗೆ ಹೊಂದಿಸಿ, ಮಗನೆಂದರೆ ದೇವರು ತನ್ನನ್ನು ತಾನೇ ಅರಿಯುವ ಚಿತ್ತೆಂದು ವಿವರಿಸಿದರು. ಹುಟ್ಟು ಎಂಬ ರೂಪಕದ ತೊಡಕನ್ನು ಅರಿವು ಎಂಬ ರೂಪಕದಿಂದ ದಾಟುವ ಪ್ರಯತ್ನವಿದು. ಕನ್ನಡ ನಾಡಿನಲ್ಲಿ ಫರ್ಡಿನೆಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ದೇಶದ ಛಂದಸ್ಸಿಗೆ ಅಳವಡಿಸಿದರು. ಕಾಸರಗೋಡಿನ ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಶಿಲುಬೆಯ ದಿನವನ್ನು ಚಿತ್ರಿಸಿ, ಮತದ ಗಡಿಯ ಹೊರಗಿನ ಓದುಗರಿಗೂ ಈ ಮಗನ ಸಾವನ್ನು ಕನ್ನಡದ ಕಾವ್ಯವಸ್ತುವಾಗಿಸಿದರು.

ದತ್ತು ಎಂಬ ಹೋಲಿಕೆ

ಯೇಸು ಸ್ವಭಾವದಿಂದಲೇ ದೇವರ ಮಗನಾದರೆ, ನಂಬಿದವರು ಕೃಪೆಯಿಂದ ಮಕ್ಕಳಾಗುತ್ತಾರೆಂಬುದು ಈ ತತ್ತ್ವದ ಇನ್ನೊಂದು ಮುಖ. ಸಂತ ಪೌಲ ಇದನ್ನು ವಿವರಿಸಲು ರೋಮನ್ ಕಾನೂನಿನ ದತ್ತುಸ್ವೀಕಾರದ ಪದವನ್ನು ಬಳಸಿದ. ದತ್ತು ಬಂದವನು ಹಳೆಯ ಮನೆಯ ಋಣದಿಂದ ಬಿಡುಗಡೆಯಾಗಿ ಹೊಸ ಮನೆಯ ಪೂರ್ಣ ವಾರಸುದಾರನಾಗುತ್ತಾನೆಂಬುದು ಆ ಕಾನೂನಿನ ಸಾರ.

ಕನ್ನಡಿಗರಿಗೆ ಈ ಹೋಲಿಕೆಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಮೊದಲ ಕನ್ನಡ ಬೈಬಲ್ ಸಿದ್ಧವಾಗುತ್ತಿದ್ದ ಕಾಲದಲ್ಲಿಯೇ, 1824ರಲ್ಲಿ, ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ವಾರಸುದಾರನೆಂದು ಒಪ್ಪದೆ ಹೋದದ್ದರಿಂದ ರಾಣಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಆ ದತ್ತಕವನ್ನು ಬ್ರಿಟಿಷರು ಒಪ್ಪಿದ್ದರಿಂದಲೇ 1881ರಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಮರಳಿತು. ದತ್ತುಮಗ ನಿಜವಾದ ಮಗನೇ, ಅವನಿಗೆ ಪೂರ್ಣ ಹಕ್ಕುಂಟೇ ಎಂಬುದು ಆ ಶತಮಾನದ ಕರ್ನಾಟಕದಲ್ಲಿ ಯುದ್ಧ ಮತ್ತು ಸಿಂಹಾಸನಗಳನ್ನು ನಿರ್ಧರಿಸಿದ ಪ್ರಶ್ನೆ. ಪೌಲನ ಉತ್ತರ ಹೌದೆಂಬುದೇ: ದತ್ತು ಬಂದವರು ಕ್ರಿಸ್ತನೊಡನೆ ಸಹಬಾಧ್ಯರು, ಅಂದರೆ ಅದೇ ಆಸ್ತಿಗೆ ಜೊತೆ ಹಕ್ಕುದಾರರು. ‘ಸತ್ಯವೇದ’ದ ಅನುವಾದಕರು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇದಕ್ಕೆ ದತ್ತು ಎಂಬ ಕಾನೂನಿನ ಪದವನ್ನು ಬಿಟ್ಟು ‘ಮಗನ ಭಾವ’ ಎಂಬ ಮಾತನ್ನು ಆರಿಸಿ, ಹಕ್ಕಿನ ಪತ್ರಕ್ಕಿಂತ ಒಳಗಿನ ಸಂಬಂಧಕ್ಕೆ ಒತ್ತು ಕೊಟ್ಟರು. ಅದೇ ಕಡೆ ಬರುವ, ಮಗು ತಂದೆಯನ್ನು ಕರೆಯುವ ‘ಅಬ್ಬ’ ಎಂಬ ಅರಮೇಯಿಕ್ ಪದ ಅಲ್ಲಿ ‘ಅಪ್ಪಾ’ ಆಯಿತು; ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಒಂದಾದ ಅಪರೂಪದ ಜಾಗವಿದು. ನಂಬಿದವರ ಸಮುದಾಯವನ್ನು ಹೇಳುವ ‘ಮಕ್ಕಳು’ ಎಂಬ ಬಹುವಚನದಲ್ಲಿ ಹೆಣ್ಣೂ ಗಂಡೂ ಒಟ್ಟಿಗೆ ಸೇರುವುದರಿಂದ, ‘ಪುತ್ರರು’ ಎಂದಾಗ ಹೆಣ್ಣುಮಕ್ಕಳು ಹೊರಗುಳಿಯುವ ತೊಡಕೂ ಕನ್ನಡದಲ್ಲಿ ತಾನಾಗಿಯೇ ಪರಿಹಾರವಾಯಿತು.

ಈ ದತ್ತುಸ್ವೀಕಾರ ನಡೆಯುವ ಸಂಸ್ಕಾರವೇ ಕಥೋಲಿಕರು ಜ್ಞಾನಸ್ನಾನವೆಂದೂ ಪ್ರೊಟೆಸ್ಟಂಟರು ದೀಕ್ಷಾಸ್ನಾನವೆಂದೂ ಕರೆಯುವ ವಿಧಿ. ಕಥೋಲಿಕ ದೇವಾಲಯಗಳಲ್ಲಿ ಗುರುಗಳು ಮೊದಲು ಮಗುವಿಗೆ ಇಟ್ಟ ಹೆಸರೇನೆಂದು ತಂದೆತಾಯಿಯರನ್ನು ಕೇಳಿ, ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತಿಡುತ್ತಾರೆ. ಬಳಿಕ ಜ್ಞಾನಸ್ನಾನದ ತೊಟ್ಟಿಯ ಮೇಲೆ ಮಗುವಿನ ತಲೆಯನ್ನು ತುಸು ಬಾಗಿಸಿ ಹಿಡಿದು, ಪಿತನ ಹೆಸರಿಗೊಮ್ಮೆ, ಸುತನ ಹೆಸರಿಗೊಮ್ಮೆ, ಪವಿತ್ರಾತ್ಮರ ಹೆಸರಿಗೊಮ್ಮೆ ಎಂದು ಮೂರು ಸಲ ನೀರೆರೆಯುತ್ತಾರೆ. ನೆತ್ತಿಗೆ ಪರಿಮಳದ ಅಭಿಷೇಕತೈಲ ಹಚ್ಚಿ, ಬಿಳಿಯ ವಸ್ತ್ರ ಹೊದಿಸಿ, ಪಾಸ್ಕದ, ಅಂದರೆ ಈಸ್ಟರ್ ಹಬ್ಬದ, ದೊಡ್ಡ ಮೇಣದ ಬತ್ತಿಯಿಂದ ಹೊತ್ತಿಸಿದ ಚಿಕ್ಕ ದೀಪವನ್ನು ಮನೆಯವರ ಕೈಗೆ ಕೊಡುತ್ತಾರೆ. ಇಸ್ರೇಲಿನ ಅರಸನಿಗೆ ಪಟ್ಟ ಕಟ್ಟುವಾಗ ಎಣ್ಣೆ ಸುರಿದು ಅವನನ್ನು ದೇವರ ಮಗನೆಂದು ಸಾರುತ್ತಿದ್ದ ಹಳೆಯ ಕ್ರಮವೇ ಇಲ್ಲಿ ಕೂಲಿಕಾರನ ಕೂಸಿಗೂ ಸಲ್ಲುತ್ತದೆ.

ಹಂಚಿಕೊಂಡ ಪದಗಳು

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕರ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗಳಿಗೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಧರ್ಮೋಪದೇಶ ಕೇಂದ್ರ, ಭಾರತೀಯ ಸಂಕೇತಗಳಲ್ಲಿ ಕ್ರೈಸ್ತ ನಂಬಿಕೆಯನ್ನು ಹೇಳುವ ಪ್ರಯೋಗಗಳಿಗೆ ನೆಲೆಯಾಯಿತು; ಬಿ.ಟಿ.ಎಂ. ಬಡಾವಣೆಗೆ ಹತ್ತಿರದ ಹೊಸೂರು ರಸ್ತೆಯ ಧರ್ಮಾರಾಮ್, 1957ರಲ್ಲಿ ಕೇರಳದಿಂದ ಇಲ್ಲಿಗೆ ಬಂದ ಗುರುಮಠ, 1970ರ ದಶಕದಲ್ಲಿ ಧರ್ಮಾರಾಮ್ ವಿದ್ಯಾಕ್ಷೇತ್ರವೆಂಬ ಉನ್ನತ ವಿದ್ಯಾಸಂಸ್ಥೆಯಾಗಿ ಬೆಳೆದು, ಭಾರತೀಯ ದರ್ಶನಗಳೊಡನೆ ಕ್ರೈಸ್ತ ದೇವತಾಶಾಸ್ತ್ರವನ್ನು ಓದಿಸುವ ಸ್ಥಳವಾಯಿತು. ಅಲ್ಲಿ ನೈಸೀಯದ ನಿರ್ಣಯ ಗ್ರೀಕ್ ಪದಗಳಲ್ಲಿ ಚರ್ಚೆಯಾಗುವಾಗ, ಅದೇ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಅದು ನಾಲ್ಕು ಭಾಷೆಗಳ ಬೇರೆ ಬೇರೆ ಪದಗಳಾಗಿ ಉಚ್ಚಾರಗೊಳ್ಳುತ್ತದೆ.

ಈ ಪದಗಳಲ್ಲಿ ಯಾವುದೂ ಇನ್ನೊಂದನ್ನು ಹೊರದೂಡಲಿಲ್ಲ. ಹುಟ್ಟು ಸೃಷ್ಟಿಯಲ್ಲವೆಂಬುದನ್ನು ‘ಸುತ’, ರಾಜತ್ವವನ್ನು ‘ಕುಮಾರ’, ಗೌರವವನ್ನು ‘ಪುತ್ರ’, ಪ್ರೀತಿ ಮತ್ತು ತ್ಯಾಗಗಳನ್ನು ‘ಮಗ’ ವಹಿಸಿಕೊಂಡವು. ನಾಲ್ಕು ಪದಗಳು ಒಂದೊಂದಾಗಿ ಹೇಳಲಾರದ್ದನ್ನು ಬಳಕೆಯಲ್ಲಿ ಕೂಡಿ ಹೇಳಿದವು. ಗ್ರೀಕರು ಒಂದೇ ಪದವನ್ನು ಇಟ್ಟುಕೊಂಡು ಅದರ ಸುತ್ತ ವ್ಯಾಖ್ಯೆಯ ಬೇಲಿ ಕಟ್ಟಿದ್ದರು. ಕನ್ನಡ ಅಂಥ ಬೇಲಿಗಿಂತ ಹೆಚ್ಚಾಗಿ ಪದಗಳ ಪಂಕ್ತಿಯನ್ನು ನೆಚ್ಚಿಕೊಂಡಿತು. ಆ ಪಂಕ್ತಿಯಲ್ಲಿ ಅತ್ಯಂತ ಸರಳವಾದ ಪದ, ಬೇಗೂರಿನ ಕಲ್ಲಿನ ಮೇಲೆ ಸತ್ತವನೊಬ್ಬನ ಹೆಸರಿನ ಪಕ್ಕದಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದೆ ಕೊರೆಯಲ್ಪಟ್ಟ ಪದವೇ, ಶಿಲುಬೆಯ ಬುಡದಲ್ಲಿ ನಿಂತ ಆ ಸೇನಾಧಿಕಾರಿ ಕಂಡುಕೊಂಡ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರವಾಗಿದೆ.